ನಾಲ್ಕು ಮಿಲಿಮೀಟರಿನ ಲೆಕ್ಕ

ಸೀಳು ಎರಡು ಬೆರಳಗಲ ಇತ್ತು. ಟೈರಿನ ಪಕ್ಕೆಯಲ್ಲಿ, ಅಳತೆಯ ಅಂಕಿಗಳನ್ನು ಉಬ್ಬಿಸಿ ಬರೆದ ಜಾಗದ ಸ್ವಲ್ಪ ಕೆಳಗೆ. ಟೈರ್ ಅಂಗಡಿಯವರು ಹೆಬ್ಬೆರಳಿನಿಂದ ರಬ್ಬರನ್ನು ಅಗಲಿಸಿ ಹಿಡಿದಾಗ ಒಳಗಿನ ನೂಲಿನ ಎಳೆಗಳು ಕಂಡವು. ಕೆಲವು ಕಡಿದುಹೋಗಿ ಹತ್ತಿಯ ಹಾಗೆ ಕೆದರಿಕೊಂಡಿದ್ದವು. ಕೊಟ್ಟಿಗೆಹಾರದ ಕಡೆಯಿಂದ ಮೂಡಿಗೆರೆಗೆ ಬರುವಾಗ ಎದುರಿನ ಬಸ್ಸಿಗೆ ದಾರಿ ಬಿಡಲು ಕಾರನ್ನು ಎಡಕ್ಕೆ ಇಳಿಸಿದ್ದರು ಅದರ ಯಜಮಾನ್ತಿ. ಅಲ್ಲಿ ಮೋರಿಯ ಒಡೆದ ಕಲ್ಲೊಂದು ಹುಲ್ಲಿನೊಳಗೆ ಕೂತಿತ್ತು. ಜೂನ್ ಮಳೆ. ಅದರಲ್ಲೇ ಜಾಕಿ ಹಾಕಿ, ಸ್ಟೆಪ್ನಿ ಬದಲಿಸಿ, ಮೊಣಕಾಲವರೆಗೆ ಕೆಸರು ಮಾಡಿಕೊಂಡು ಬಂದಿದ್ದರು.

“ಇದಕ್ಕೆ ಮದ್ದಿಲ್ಲಮ್ಮ,” ಅಂದರು ಅಂಗಡಿಯವರು.

“ಒಳಗಿಂದ ದೊಡ್ಡ ಪ್ಯಾಚ್ ಹಾಕಕ್ಕಾಗಲ್ವಾ ಅಣ್ಣ?”

“ನೆಲಕ್ಕೆ ತಾಗೋ ಕಡೆ ಮೊಳೆ ಚುಚ್ಚಿದ್ರೆ ಹಾಕ್ತಿದ್ದೆ. ತೂತು ಆರು ಮಿಲಿಮೀಟರ್ ದಾಟಿರದಿದ್ರೆ ಒಳಗಿಂದ ಮಶ್ರೂಮ್ ಪ್ಯಾಚ್ ಕೂರಿಸಿದ್ರೆ ಟೈರ್ ಸವೆಯೋ ತನಕ ತೊಂದರೆ ಇಲ್ಲ. ಇದು ಪಕ್ಕೆ. ಗಾಲಿ ಒಂದು ಸುತ್ತು ಸುತ್ತೋದ್ರೊಳಗೆ ಪಕ್ಕೆ ಒಂದು ಸಲ ಬಾಗಿ ನೆಟ್ಟಗಾಗುತ್ತೆ. ನಾನು ಏನು ಅಂಟಿಸಿದ್ರೂ ಬಾಗಿ ಬಾಗಿ ಬಿಟ್ಕೊಳ್ಳುತ್ತೆ. ಘಾಟಿಯಲ್ಲಿ ಹೋಗ್ತಾ ಬಿಟ್ಕೊಂಡ್ರೆ?”

ಅವರು ಹೇಳಿದ್ದು ಸರಿ. ರೇಡಿಯಲ್ ಟೈರಿನಲ್ಲಿ ನೂಲಿನ ಎಳೆಗಳು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಅಡ್ಡಲಾಗಿ ಹಾಯುತ್ತವೆ. ನೆಲಕ್ಕೆ ತಾಗುವ ಭಾಗಕ್ಕೆ ಮೇಲಿನಿಂದ ಉಕ್ಕಿನ ತಂತಿಯ ಪಟ್ಟಿಗಳ ಬೆಂಬಲವೂ ಇರುತ್ತದೆ. ಪಕ್ಕೆಗೆ ಆ ಪಟ್ಟಿ ಇಲ್ಲ. ಒಳಗಿನ ಗಾಳಿಯ ಒತ್ತಡವನ್ನು ಅಲ್ಲಿ ತಡೆದಿರುವುದು ಈ ಎಳೆಗಳೇ. ಅವು ಕಡಿದ ಮೇಲೆ ಟೈರ್ ಎಷ್ಟೇ ಹೊಸದಾಗಿದ್ದರೂ ಮುಗಿಯಿತು.

“ಸರಿ, ಹಾಗಾದ್ರೆ ಒಂದು ಹೊಸದು ಹಾಕ್ಬಿಡಿ. ಮಳೆ ಜೋರಾಗೋದ್ರೊಳಗೆ ಮನೆ ಸೇರ್ಬೇಕು.”

ಅದೇ ಕಂಪನಿಯ ಅದೇ ಮಾದರಿಯ ಟೈರೊಂದು ಅಟ್ಟಣಿಗೆಯ ಮೇಲೆ ಇತ್ತು. 215/65 ಆರ್ 16. ಇಳಿಸಿ, ಹಾಕಿ, ಬ್ಯಾಲೆನ್ಸ್ ಮಾಡಿ, ದುಡ್ಡು ತೆಗೆದುಕೊಳ್ಳಲು ಇಪ್ಪತ್ತು ನಿಮಿಷ ಸಾಕಿತ್ತು. ಅಂಗಡಿಯವರು ಅಟ್ಟಣಿಗೆಯ ಕಡೆ ಹೋಗಲಿಲ್ಲ. ಕಾರಿನ ಹಿಂದೆ ಹೋಗಿ ಡಿಕ್ಕಿಯ ಬಾಗಿಲಿನ ಅಕ್ಷರ ನೋಡಿದರು. ಡಸ್ಟರ್, ಎಡಬ್ಲ್ಯುಡಿ: ನಾಲ್ಕೂ ಗಾಲಿಗೆ ಬಲ ಹೋಗುವ ಮಾದರಿ. ಕಿಟಕಿಯಿಂದ ಒಳಗೆ ಇಣುಕಿ, ಎರಡು ಗಾಲಿಯೋ ನಾಲ್ಕೋ ಎಂದು ಆರಿಸುವ ತಿರುಗಣೆ ಯಾವ ಕಡೆ ಇದೆ ಎಂದು ನೋಡಿದರು. ‘ಆಟೊ’ದಲ್ಲಿತ್ತು. ಆಮೇಲೆ ಜೇಬಿನಿಂದ ಪೆನ್ನಿನಷ್ಟು ಉದ್ದದ ಅಳತೆಗೋಲು ತೆಗೆದು ಒಂದೊಂದೇ ಗಾಲಿಯ ಮುಂದೆ ಕುಕ್ಕರುಗಾಲಲ್ಲಿ ಕೂತರು.

ಗೋಲಿನ ತುದಿಯ ಸಣ್ಣ ಕಡ್ಡಿಯನ್ನು ಟೈರಿನ ತೋಡಿಗೆ ಇಳಿಸಿದರೆ ರಬ್ಬರು ಎಷ್ಟು ಎತ್ತರ ಉಳಿದಿದೆ ಎಂದು ತೋರಿಸುತ್ತದೆ. ಒಂದೇ ಕಡೆ ಅಳೆಯಲಿಲ್ಲ. ಒಳಅಂಚು, ನಡು, ಹೊರಅಂಚು, ಮತ್ತೆ ಗಾಲಿಯನ್ನು ಕಾಲು ಸುತ್ತು ತಿರುಗಿಸಿ ಅದೇ ಮೂರು ಜಾಗ. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದರು: ಮುಂದಿನ ಬಲ 4.1. ಹಿಂದಿನ ಎಡ 4.0. ಹಿಂದಿನ ಬಲ 4.2. ಸೀಳಿದ್ದು 4.0. ಅದರ ಕೆಳಗೆ ಒಂದು ಗೆರೆ ಎಳೆದು: ಹೊಸದು 8.

“ಟೈರು ಚೆನ್ನಾಗಿ ಸವೆಸಿದ್ದೀರಿ. ನಾಲ್ಕೂ ಒಂದೇ ಸಮ. ಸರಿಯಾಗಿ ಮುಂದೆ ಹಿಂದೆ ಮಾಡಿಸ್ತಾ ಬಂದಿದ್ದೀರಿ ಅಂತ ಆಯ್ತು. ಈಗ ಒಂದಕ್ಕೆ ಎಂಟು ಹಾಕಿದ್ರೆ ಅದು ಮಿಕ್ಕ ಮೂರರ ಜೊತೆ ಹೊಂದಲ್ಲ.”

“ಎಷ್ಟು, ನಾಲ್ಕು ಮಿಲಿಮೀಟರ್ ತಾನೇ?”

“ನಾಲ್ಕು ಮಿಲಿಮೀಟರ್. ಬನ್ನಿ, ತೋರಿಸ್ತೀನಿ.”

ಸಿಮೆಂಟ್ ನೆಲ ಒರೆಸಿ ಒಂದು ಗೆರೆ ಎಳೆದರು. ಅಟ್ಟಣಿಗೆಯ ಹೊಸ ಟೈರನ್ನು ಇಳಿಸಿ ಅದರ ಪಕ್ಕೆಗೆ ಒಂದು ಗುರುತು ಹಾಕಿ, ಗುರುತು ಗೆರೆಯ ಮೇಲೆ ಬರುವಂತೆ ನಿಲ್ಲಿಸಿ ಮೆಲ್ಲಗೆ ಉರುಳಿಸಿದರು. ಗುರುತು ಮತ್ತೆ ನೆಲ ಮುಟ್ಟಿದಲ್ಲಿ ಇನ್ನೊಂದು ಗೆರೆ. ಆಮೇಲೆ ಕಾರಿನ ಹಿಂದಿನ ಎಡಗಾಲಿ ಬಿಚ್ಚಿ ಅದನ್ನೂ ಹಾಗೇ ಉರುಳಿಸಿದರು. ಆಕೆ ಟೇಪು ಹಿಡಿದು ಅಳೆದರು. ಹೊಸದು ಒಂದು ಸುತ್ತಿಗೆ ಎರಡು ಮೀಟರ್ ಹದಿನೈದು ಸೆಂಟಿಮೀಟರ್ ಹೋಗಿತ್ತು. ಸವೆದದ್ದು ಹದಿಮೂರರ ಹತ್ತಿರ ನಿಂತಿತ್ತು. ಎರಡು ಗೆರೆಗಳ ನಡುವೆ ಒಂದು ಇಂಚು.

“ಇಂಚು!” ಆಕೆ ಟೇಪನ್ನು ಎರಡನೇ ಸಲ ಇಟ್ಟು ನೋಡಿದರು.

ನಾಲ್ಕು ಮಿಲಿಮೀಟರ್ ಇಂಚಾಗುವುದು ಸರಳ ಗಣಿತ. ರಬ್ಬರು ನಾಲ್ಕು ಮಿಲಿಮೀಟರ್ ಸವೆದರೆ ವ್ಯಾಸ ಎಂಟು ಮಿಲಿಮೀಟರ್ ತಗ್ಗುತ್ತದೆ. ಅದನ್ನು 3.14ರಿಂದ ಗುಣಿಸಿದರೆ ಸುತ್ತಳತೆಯಲ್ಲಿ 25 ಮಿಲಿಮೀಟರ್. ಆಕೆ ಮೊಬೈಲ್ ತೆಗೆದು ಲೆಕ್ಕ ಮುಂದುವರಿಸಿದರು. ಹೊಸ ಟೈರ್ ಒಂದು ಕಿಲೋಮೀಟರಿಗೆ 464 ಸುತ್ತು ಸುತ್ತುತ್ತದೆ, ಸವೆದದ್ದು ಸುಮಾರು 469 ಅಥವಾ 470. ವ್ಯತ್ಯಾಸ ಐದೂವರೆಯ ಆಸುಪಾಸು. ಮೂಡಿಗೆರೆಯಿಂದ ಬೆಂಗಳೂರಿಗೆ ಸುಮಾರು 250 ಕಿಲೋಮೀಟರ್ ಹಿಡಿದರೆ, ಒಂದು ಗಾಲಿ ಇನ್ನೊಂದಕ್ಕಿಂತ ಸುಮಾರು ಸಾವಿರದ ಮುನ್ನೂರೆಪ್ಪತ್ತು ಸುತ್ತು ಹೆಚ್ಚು ಹಾಕಿರುತ್ತದೆ.

“ಆದ್ರೆ ಅಣ್ಣ, ತಿರುವಿನಲ್ಲೂ ಗಾಲಿಗಳು ಬೇರೆ ಬೇರೆ ಸುತ್ತು ಸುತ್ತುತ್ತಲ್ಲ? ಚಾರ್ಮಾಡಿಯಲ್ಲಿ ಇಳಿಯುವಾಗ ಹೊರಗಿನ ಗಾಲಿ ಎಷ್ಟು ದೂರ ಹೋಗುತ್ತೋ ಒಳಗಿನದು ಅಷ್ಟು ಹೋಗಲ್ಲ. ಅದಕ್ಕೇ ಡಿಫರೆನ್ಷಿಯಲ್ ಇರೋದು.”

“ಹೌದು. ತಿರುವು ಮುಗಿದ ಮೇಲೆ ಅದು ಸುಮ್ಮನಾಗುತ್ತೆ. ಟೈರ್ ದೊಡ್ಡದು ಚಿಕ್ಕದು ಆದ್ರೆ ನೇರ ರಸ್ತೆಯಲ್ಲೂ ತಿರುವಿನಲ್ಲಿ ಇದ್ದ ಹಾಗೇ. ಹಾಸನದಿಂದ ಬೆಂಗಳೂರಿನ ತನಕ ಒಂದು ತಿರುವು ಮುಗಿಯದೆ ಹೋಗ್ತಾ ಇದೆ ಅಂದ್ಕೊಳ್ಳಿ. ಆದ್ರೂ ಡಿಫರೆನ್ಷಿಯಲ್ ಅದನ್ನ ತಡ್ಕೊಳ್ಳುತ್ತೆ, ಅದರ ಕೆಲಸವೇ ಅದು. ನನ್ನ ಚಿಂತೆ ಅದಲ್ಲ. ನಡುವೆ ಇರೋ ಕಪ್ಲಿಂಗ್.”

ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಸಾಮಾನ್ಯ ಕಾರಿನಲ್ಲಿ ಎಂಜಿನ್ನಿನ ಬಲ ಎರಡೇ ಗಾಲಿಗೆ ಹೋಗುತ್ತದೆ. ಹಿಂದಿನ ಗಾಲಿಗೂ ಮುಂದಿನ ಗಾಲಿಗೂ ಯಂತ್ರದ ನಂಟಿಲ್ಲ, ಎರಡೂ ತಮ್ಮ ಪಾಡಿಗೆ ಉರುಳುತ್ತವೆ. ಡಸ್ಟರಿನ ಎಡಬ್ಲ್ಯುಡಿ ಭಾರತಕ್ಕೆ ಬಂದದ್ದು 2014ರಲ್ಲಿ. ಅದರಲ್ಲಿ ಮುಂದಿನಿಂದ ಹಿಂದಕ್ಕೆ ಪ್ರೊಪೆಲ್ಲರ್ ಶಾಫ್ಟ್ ಹೋಗುತ್ತದೆ. ಹಿಂದಿನ ಡಿಫರೆನ್ಷಿಯಲ್ ಮುಟ್ಟುವ ಮೊದಲು ನಡುವೆ ಒಂದು ಕ್ಲಚ್ಚು ಇದೆ. ಅದನ್ನೇ ಕಪ್ಲಿಂಗ್ ಎನ್ನುವುದು. ತೆಳ್ಳನೆಯ ತಟ್ಟೆಗಳು ಒಂದರ ಪಕ್ಕ ಒಂದು ಜೋಡಿಸಿರುತ್ತವೆ. ವಿದ್ಯುತ್ತು ಹರಿದಾಗ ತಟ್ಟೆಗಳು ಒತ್ತಿಕೊಂಡು ಹಿಂದಿನ ಗಾಲಿಗೂ ಬಲ ಹೋಗುತ್ತದೆ. ಎಷ್ಟು ಒತ್ತಬೇಕು ಎನ್ನುವುದನ್ನು ಕಾರಿನ ಕಂಪ್ಯೂಟರು ಗಾಲಿಗಳ ವೇಗ ನೋಡಿ ತೀರ್ಮಾನಿಸುತ್ತದೆ. ಕೆಸರಿನಲ್ಲಿ ಮುಂದಿನ ಗಾಲಿ ಜಾರಿದರೆ ಅದು ಹಿಂದಿನದಕ್ಕಿಂತ ಬೇಗ ಸುತ್ತುತ್ತದೆ, ಆಗ ಒತ್ತು. ಜಾರುವುದು ನಿಂತರೆ ಬಿಡು.

ಈಗ ಮುಂದಿನ ಗಾಲಿಗಳ ಸರಾಸರಿ ಸುತ್ತೇ ಹಿಂದಿನದಕ್ಕಿಂತ ಬೇರೆಯಾಗಿದ್ದರೆ? ಒಣ ಟಾರು ರಸ್ತೆಯ ಮೇಲೂ ತಟ್ಟೆಗಳು ಒಂದರ ಮೇಲೊಂದು ಉಜ್ಜುತ್ತಲೇ ಇರುತ್ತವೆ. ಉಜ್ಜಿದರೆ ಬಿಸಿ. ಬಿಸಿಯಾದರೆ ಒಳಗಿನ ಎಣ್ಣೆ ಹಾಳು, ತಟ್ಟೆಯೂ ಸವೆತ. ಒಂದು ದಿನದಲ್ಲಿ ಏನೂ ಆಗುವುದಿಲ್ಲ. ಸಾವಿರಾರು ಕಿಲೋಮೀಟರ್ ಹೀಗೇ ಓಡಿದ ಮೇಲೆ ಬರುವ ರಿಪೇರಿಯ ಮುಂದೆ ನಾಲ್ಕು ಟೈರಿನ ಬೆಲೆ ಚಿಕ್ಕದಾಗಿ ಕಾಣುತ್ತದೆ.

“ಹಾಗಾದ್ರೆ ಸ್ಟೆಪ್ನಿ ಹಾಕ್ಕೊಂಡು ಬಂದೆನಲ್ಲ, ಅದೂ ತಪ್ಪಾ?” ಆಕೆಯ ದನಿಯಲ್ಲಿ ಆತಂಕವಿತ್ತು. ಸ್ಟೆಪ್ನಿಯನ್ನು ಈ ತನಕ ಒಮ್ಮೆಯೂ ಇಳಿಸಿರಲಿಲ್ಲ. ಅದರ ರಬ್ಬರಿನ ಮೇಲಿನ ಸಣ್ಣ ಕೂದಲುಗಳು ಕೂಡ ಹಾಗೇ ಇದ್ದವು.

“ಇಪ್ಪತ್ತು ಕಿಲೋಮೀಟರ್ ತಾನೇ, ಚಿಂತೆ ಮಾಡ್ಬೇಡಿ. ಸ್ಟೆಪ್ನಿ ಇರೋದೇ ಅದಕ್ಕೆ. ಇದನ್ನೇ ವರ್ಷಗಟ್ಟಲೆ ಓಡಿಸಿದ್ರೆ ತಪ್ಪು.”

‘ಸ್ಟೆಪ್ನಿ’ ಎಂಬ ಪದವನ್ನು ನಾವು ದಿನಾ ಆಡುತ್ತೇವೆ, ಅದು ಒಂದು ಬೀದಿಯ ಹೆಸರೆಂದು ನೆನಪಾಗುವುದಿಲ್ಲ. ವೇಲ್ಸ್‌ನ ಲನೆಥ್ಲಿ ಊರಿನ ಸ್ಟೆಪ್ನಿ ಬೀದಿಯಲ್ಲಿ 1904ರ ಹೊತ್ತಿಗೆ ಡೇವಿಸ್ ಎಂಬ ಅಣ್ಣತಮ್ಮಂದಿರು ಕಡ್ಡಿಗಳಿಲ್ಲದ ಒಂದು ಹೆಚ್ಚುವರಿ ರಿಮ್ ತಯಾರಿಸಿದರು. ಪಂಚರಾದ ಗಾಲಿಯನ್ನು ಬಿಚ್ಚದೆ ಅದರ ಪಕ್ಕಕ್ಕೇ ಬಿಗಿದುಕೊಂಡು ಹೋಗಬಹುದಾದ ಸಾಧನ ಅದು. ಇಂಗ್ಲೆಂಡಿನಲ್ಲಿ ಆ ಪದ ಬಳಕೆಯಿಂದ ಹೋಗಿ ಎಷ್ಟೋ ಕಾಲವಾಯಿತು. ನಮ್ಮ ಊರುಗಳ ಪಂಚರ್ ಅಂಗಡಿಗಳಲ್ಲಿ ಅದು ಇನ್ನೂ ಜೀವಂತ.

ಮಳೆ ತಗಡಿನ ಮೇಲೆ ಜೋರಾಯಿತು. ಹುಡುಗ ಚಹಾ ತಂದಿಟ್ಟ. ಆಕೆಗೆ ಒಂದು ವಿಷಯ ಒಪ್ಪಿಗೆಯಾಗಿರಲಿಲ್ಲ.

“ಅಪ್ಪನ ಜಿಪ್ಸಿ ನಿಮಗೆ ಗೊತ್ತಲ್ಲ. ಅದೂ ನಾಲ್ಕು ಗಾಲಿಯದೇ. ಅದಕ್ಕೆ ಒಂದೊಂದೇ ಟೈರ್ ಹಾಕ್ತಿದ್ರಿ. ಮುಂದೆ ಒಂದು ಕಂಪನಿ, ಹಿಂದೆ ಒಂದು ಕಂಪನಿ. ಏನೂ ಆಗ್ಲಿಲ್ಲ.”

“ಅದರ ಕಥೆಯೇ ಬೇರೆಯಮ್ಮ. ಅದು ಬೇಕಾದಾಗ ಮಾತ್ರ ನಾಲ್ಕು ಗಾಲಿ. ಲಿವರ್ ಹಾಕಿದ್ರೆ ಮುಂದೆ ಹಿಂದೆ ಎರಡೂ ಕಟ್ಟಿ ಹಾಕಿದ ಹಾಗೆ ಒಂದೇ ಸುತ್ತು. ತೆಗೆದ್ರೆ ಬರೀ ಹಿಂದಿನ ಎರಡು. ನಿಮ್ಮ ತಂದೆಯವರು ಗೇಟಿಂದ ಹೊರಗೆ ಟಾರ್ ರೋಡಿಗೆ ಬಂದ ತಕ್ಷಣ ಲಿವರ್ ತೆಗೀತಿದ್ರು. ಮುಂದಿನ ಗಾಲಿಗಳ ನಡು ತಿರುಗಿಸಿ ಹಬ್ ಕೂಡ ಬಿಡಿಸ್ತಿದ್ರು. ಆಗ ಟೈರ್ ಹೇಗಿದ್ರೂ ನಡೀತಿತ್ತು.”

“ಒಂದ್ಸಲ ಮರೆತಿದ್ರು. ನಾನೂ ಜೊತೆಗಿದ್ದೆ. ಬಣಕಲ್‌ವರೆಗೆ ಹಾಗೇ ಬಂದು ಆಮೇಲೆ ಲಿವರ್ ಬರ್ಲೇ ಇಲ್ಲ. ಸ್ಟೀರಿಂಗ್ ಕಲ್ಲಿನ ಹಾಗೆ.”

“ಅದೇ! ಟಾರಿನ ಮೇಲೆ ಗಾಲಿ ಜಾರಲ್ಲ. ಮುಂದಿನದು ಹಿಂದಿನದು ಒಂದನ್ನೊಂದು ಎಳೀತಾ, ಶಾಫ್ಟು ಗೇರು ಎಲ್ಲ ಹಗ್ಗ ಹುರಿ ಹಾಕಿದ ಹಾಗೆ ಬಿಗಿಯುತ್ತೆ. ತೋಟದ ಕೆಸರಲ್ಲಿ ಗಾಲಿ ಒಂಚೂರು ಜಾರಿ ಆ ಬಿಗಿ ಬಿಟ್ಕೊಳ್ಳುತ್ತೆ, ಅದಕ್ಕೇ ಅಲ್ಲಿ ಗೊತ್ತಾಗಲ್ಲ. ಆ ದಿನ ರಿವರ್ಸ್ ಹೊಡೆದ ಮೇಲೆ ಬಂತು ಅಲ್ವಾ?”

“ಹೌದು, ನಾಲ್ಕೈದು ಅಡಿ ಹಿಂದಕ್ಕೆ ಹೋದ ಮೇಲೆ ಟಕ್ ಅಂತ ಬಂತು!”

ಆ ‘ಟಕ್’ ಮಲೆನಾಡಿನ ಹಳೆಯ ಜೀಪು ಓಡಿಸಿದವರಿಗೆಲ್ಲ ಗೊತ್ತು. ಟಾರು ರಸ್ತೆಯಲ್ಲೂ ನಾಲ್ಕು ಗಾಲಿಗೆ ಸದಾ ಬಲ ಕೊಡಬೇಕೆಂದರೆ ಮುಂದಿನ ಜೋಡಿಗೂ ಹಿಂದಿನ ಜೋಡಿಗೂ ನಡುವೆ ಮೂರನೆಯ ಡಿಫರೆನ್ಷಿಯಲ್ಲೋ ಜಾರಲು ಬಿಡುವ ಕಪ್ಲಿಂಗೋ ಬೇಕೇ ಬೇಕು. ಈ ಸಮಸ್ಯೆಯ ಬೆನ್ನು ಹತ್ತಿದವರಲ್ಲಿ ಹ್ಯಾರಿ ಫರ್ಗುಸನ್ ಒಬ್ಬರು. ನಮ್ಮ ರೈತರು ‘ಮ್ಯಾಸಿ’ ಎಂದು ಕರೆಯುವ ಟ್ರ್ಯಾಕ್ಟರಿನ ಹೆಸರಿನಲ್ಲಿ ಇರುವ ಫರ್ಗುಸನ್ ಅವರೇ. ನೇಗಿಲನ್ನು ಟ್ರ್ಯಾಕ್ಟರಿಗೆ ಮೂರು ಕಡೆ ಜೋಡಿಸುವ ವ್ಯವಸ್ಥೆ ಅವರ ದೊಡ್ಡ ಕೊಡುಗೆ. ಬದುಕಿನ ಕೊನೆಯ ವರ್ಷಗಳನ್ನು ಅವರು ನಾಲ್ಕೂ ಗಾಲಿಗೆ ಬಲ ಹೋಗುವ ಕಾರಿಗೆ ಕೊಟ್ಟರು. 1960ರಲ್ಲಿ ತೀರಿಕೊಂಡರು. ಅವರ ಸಂಸ್ಥೆಯ ಕೆಲಸ 1966ರಲ್ಲಿ ಜೆನ್ಸನ್ ಎಫ್‌ಎಫ್ ಎಂಬ ಬ್ರಿಟಿಷ್ ಕಾರಾಗಿ ರಸ್ತೆಗೆ ಬಂತು. ಎಫ್‌ಎಫ್ ಎಂದರೆ ಫರ್ಗುಸನ್ ಫಾರ್ಮುಲಾ. 1971ರವರೆಗೆ ಆದದ್ದು 320 ಕಾರು ಮಾತ್ರ. ಅದು ರಸ್ತೆಗೆ ಬಂದ ಹದಿನಾಲ್ಕು ವರ್ಷಗಳ ಬಳಿಕ, 1980ರಲ್ಲಿ, ಜಿನೀವಾ ಪ್ರದರ್ಶನದಲ್ಲಿ ಆಡಿ ಕಂಪನಿ ಕ್ವಾಟ್ರೊ ಕಾರನ್ನು ತೋರಿಸಿದ ಮೇಲೆ ಈ ತಂತ್ರ ಮನೆಮಾತಾಯಿತು. ತೋಟದ ಕೆಸರಿಗೂ ಹೆದ್ದಾರಿಯ ಮಳೆಗೂ ಒಂದೇ ಕಾರು ಸಾಕು ಎಂಬ ಭರವಸೆ ಅಲ್ಲಿಂದ ಬಂತು. ನಾಲ್ಕೂ ಟೈರು ಒಂದೇ ಅಳತೆ ಇರಬೇಕೆಂಬ ಕರಾರೂ ಅದರ ಜೊತೆಗೇ ಬಂತು.

ಆಕೆಗೆ ಆಗ ಅಕ್ಕನ ನೆನಪು ಬಂತು. ಅಕ್ಕ ಇರುವುದು ಅಮೆರಿಕದ ಕೊಲೊರಾಡೊದಲ್ಲಿ. ಹಿಮ ಬೀಳುವ ಊರು, ಮನೆಯಲ್ಲಿ ಸುಬಾರು ಕಾರು. ಒಂದು ಟೈರ್ ಹಾಳಾದಾಗ ಅಲ್ಲಿನ ಅಂಗಡಿಯವರು ನಾಲ್ಕೂ ಬದಲಿಸಬೇಕೆಂದರಂತೆ.

“ಮೋಸ ಮಾಡ್ತಿದ್ದಾರೆ ಅಂತ ಅಕ್ಕ ಫೋನಲ್ಲಿ ರೇಗಿದ್ಲು. ನಾನೂ ಹೂಂ ಅಂದಿದ್ದೆ.”

“ಮೋಸ ಅಲ್ಲ. ಸುಬಾರುದ್ದು ಬಹಳ ಬಿಗಿ ಲೆಕ್ಕ. ಸುತ್ತಳತೆಯಲ್ಲಿ ಕಾಲು ಇಂಚಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು ಅಂತಾರೆ.”

ಕಾಲು ಇಂಚು ಎಂದರೆ 6.4 ಮಿಲಿಮೀಟರ್. ರಬ್ಬರಿನ ಎತ್ತರಕ್ಕೆ ಇಳಿಸಿದರೆ ಒಂದು ಮಿಲಿಮೀಟರ್ ಮಾತ್ರ. ಸುಬಾರು ಕಾರು ಭಾರತದಲ್ಲಿ ಮಾರಾಟಕ್ಕಿಲ್ಲ, ಆದರೆ ಅದರ ಈ ನಿಯಮ ಒಳ್ಳೆಯ ಅಳತೆಗೋಲು. ಬೇರೆ ಕಂಪನಿಗಳು ಸ್ವಲ್ಪ ಸಡಿಲ ಬಿಡುತ್ತವೆ. ಹಾಗಾಗಿ ಕಾರಿನ ಜೊತೆ ಬರುವ ಪುಸ್ತಕವನ್ನು ಮೊದಲು ತೆರೆಯಬೇಕು. ಅಮೆರಿಕದಲ್ಲಿ ಇನ್ನೊಂದು ದಾರಿಯೂ ಇದೆ. ಹೊಸ ಟೈರನ್ನು ಯಂತ್ರಕ್ಕೆ ಹಾಕಿ ತಿರುಗಿಸುತ್ತಾ, ಹರಿತ ಅಲಗಿನಿಂದ ಮೇಲಿನ ರಬ್ಬರನ್ನು ಸಮನಾಗಿ ಕೆತ್ತಿ, ಹಳೆಯ ಮೂರರ ಎತ್ತರಕ್ಕೆ ತರುತ್ತಾರೆ. ಹೊಸ ರಬ್ಬರನ್ನು ದುಡ್ಡು ಕೊಟ್ಟು ಕೆತ್ತಿಸುವುದು ಮನಸ್ಸಿಗೆ ಕಷ್ಟ. ಆದರೂ ನಾಲ್ಕರ ಬದಲು ಒಂದೇ ಟೈರಿನಲ್ಲಿ ಕೆಲಸ ಮುಗಿಯುತ್ತದೆ.

“ಇಲ್ಲೂ ಕೆತ್ತಬಹುದಲ್ಲ? ಲಾರಿ ಟೈರ್ ರೀಸೋಲ್ ಮಾಡೋರ ಹತ್ರ ಉಜ್ಜೋ ಮಷೀನ್ ಇದೆಯಲ್ಲ?”

“ಇದೆ. ಅದು ಹಳೇ ರಬ್ಬರ್ ಪೂರಾ ಕಿತ್ತು ಮೈ ಒರಟು ಮಾಡಕ್ಕೆ, ಹೊಸ ಪಟ್ಟಿ ಅಂಟಲಿ ಅಂತ. ನಿಮ್ಮ ಟೈರಿಗೆ ಬೇಕಾದ್ದು ಎಲ್ಲ ಕಡೆ ಒಂದೇ ಸಮ ನಾಲ್ಕು ಮಿಲಿಮೀಟರ್. ಹೊಸ ಟೈರ್ ಅಲ್ಲಿಗೆ ಕಳಿಸಕ್ಕೆ ನನಗೆ ಧೈರ್ಯ ಇಲ್ಲ.”

ಆಕೆ ಗೋಡೆಯ ಅಂಕಿಗಳನ್ನೇ ನೋಡುತ್ತಿದ್ದರು. “ಎರಡು ಹಾಕಿದ್ರೆ? ಮುಂದಿನ ಎರಡೂ ಹೊಸದು. ಎಡ ಬಲ ಸಮ ಆಗುತ್ತೆ.”

ಬಹಳ ಜನ ಒಪ್ಪಿಕೊಳ್ಳುವ ರಾಜಿ ಇದು. ಎರಡೇ ಗಾಲಿಗೆ ಬಲ ಹೋಗುವ ಕಾರಿಗೆ ಸರಿಯಾದ ರಾಜಿಯೂ ಹೌದು. ಆ ಕಾರಿನಲ್ಲಿ ಹೊಸ ಜೋಡಿಯನ್ನು ಹಿಂದಕ್ಕೆ ಹಾಕಬೇಕು, ಮಳೆಯಲ್ಲಿ ಹಿಂಬದಿ ಜಾರದಿರಲಿ ಎಂದು. ಆದರೆ ನಾಲ್ಕೂ ಗಾಲಿಗೆ ಬಲ ಹೋಗುವ ಕಾರಿಗೆ ಈ ರಾಜಿ ತಿರುಗಿ ಬೀಳುತ್ತದೆ. ಅಂಗಡಿಯವರು ಸೀಮೆಸುಣ್ಣ ತೆಗೆದುಕೊಂಡರು. ಮುಂದೆ ಒಂದೇ ಹೊಸದಿದ್ದರೆ ಮುಂದಿನ ಜೋಡಿಯ ಸರಾಸರಿ ಕಿಲೋಮೀಟರಿಗೆ 467ರ ಹತ್ತಿರ, ಹಿಂದಿನದು 469ರ ಮೇಲೆ. ಅಂತರ ಎರಡೂ ಮುಕ್ಕಾಲು ಸುತ್ತಿನಷ್ಟು. ಮುಂದಿನ ಎರಡೂ ಹೊಸದಾದರೆ ಮುಂದೆ 464, ಹಿಂದೆ ಅದೇ 469ರ ಮೇಲೆ. ಅಂತರ ಐದೂವರೆ.

“ಅಂದ್ರೆ ಎರಡು ಹಾಕಿದ್ರೆ ಕಪ್ಲಿಂಗಿಗೆ ಇಮ್ಮಡಿ ಕಷ್ಟ!”

“ದುಡ್ಡೂ ಇಮ್ಮಡಿ, ಕಷ್ಟವೂ ಇಮ್ಮಡಿ. ಇದನ್ನ ಹೇಳಿದ್ರೆ ಎಷ್ಟೋ ಜನ ನಂಬಲ್ಲ.”

ಆಕೆ ಲೆಕ್ಕವನ್ನು ಬಿಡಲಿಲ್ಲ. “ಹಾಗಾದ್ರೆ ಮುಂದೆ ಒಂದು ಹೊಸದು, ಹಿಂದೆ ಒಂದು ಹೊಸದು. ಎರಡು ಕಡೆಯ ಸರಾಸರಿಯೂ 467. ಅಂತರ ಸೊನ್ನೆ.”

ಅಂಗಡಿಯವರು ಸುಣ್ಣದ ಕೈ ಒರೆಸಿಕೊಂಡು ಅಂಕಿಗಳ ಮುಂದೆ ಒಂದು ನಿಮಿಷ ಸುಮ್ಮನೆ ನಿಂತರು. “ಲೆಕ್ಕ ಸರಿ. ಕಪ್ಲಿಂಗ್ ಉಳಿಯುತ್ತೆ. ಆದ್ರೆ ಮುಂದಿನ ಡಿಫರೆನ್ಷಿಯಲ್ಲೂ ಹಿಂದಿನದೂ ಬಿಡುವಿಲ್ಲದೆ ದುಡೀಬೇಕು. ಇನ್ನೊಂದು, ಈ ಮಳೆಯಲ್ಲಿ ಗಟ್ಟಿ ಬ್ರೇಕ್ ಹಾಕಿದ್ರೆ ಒಂದು ಬದಿಯ ಟೈರ್ ನೀರು ತಳ್ಳಿ ಹಿಡಿಯುತ್ತೆ, ಇನ್ನೊಂದು ಬದಿಯದು ಅಷ್ಟು ಹಿಡಿಯಲ್ಲ. ಹಾಗೆ ನಾನು ಹಾಕಿಕೊಡಲ್ಲಮ್ಮ.”

“ಹಾಗಾದ್ರೆ ನಾಲ್ಕೂ ಬೇಕೇ ಬೇಕಾ? ಮೂರು ಚೆನ್ನಾಗಿರೋದನ್ನ ಬಿಸಾಕಿ?”

ಇದು ಬರೀ ದುಡ್ಡಿನ ಮಾತಲ್ಲ. ಸವೆತದ ಮಿತಿ 1.6 ಮಿಲಿಮೀಟರ್. ತೋಡಿನೊಳಗೆ ಅಲ್ಲಲ್ಲಿ ಅಡ್ಡಲಾಗಿ ಕಾಣುವ ಸಣ್ಣ ದಿಬ್ಬಗಳು ಆ ಎತ್ತರವನ್ನೇ ತೋರಿಸುತ್ತವೆ. ಎಂಟರಿಂದ 1.6ರ ತನಕ ಬಳಸಲು ಸಿಗುವುದು 6.4 ಮಿಲಿಮೀಟರ್, ಆಕೆಯ ಟೈರುಗಳಲ್ಲಿ ಇನ್ನೂ ಎರಡೂವರೆ ಉಳಿದಿದೆ. ಐದರಲ್ಲಿ ಎರಡು ಪಾಲು ಬಾಳು.

“ಮೂರು ಮಿಲಿಮೀಟರಿಗೆ ಇಳಿದಿದ್ರೆ ನಾಲ್ಕೂ ತೆಗೀರಿ ಅಂತಿದ್ದೆ,” ಅಂದರು ಅಂಗಡಿಯವರು. “ನಮ್ಮ ಮಳೆಗೆ ಅದಕ್ಕಿಂತ ಸವೆದ ಟೈರ್ ಸಾಲಲ್ಲ. ಏಳರ ಮೇಲೆ ಇದ್ದಿದ್ರೆ ಕಣ್ಣು ಮುಚ್ಚಿ ಒಂದು ಹೊಸದು ಹಾಕ್ತಿದ್ದೆ. ನಿಮ್ಮದು ನಡುವೆ ಸಿಕ್ಕಿಹಾಕ್ಕೊಂಡಿದೆ. ಹೀಗಿದ್ದಾಗ ಇದೇ ಮಾದರಿಯ, ಇಷ್ಟೇ ಸವೆದ ಟೈರ್ ಹುಡುಕಬೇಕು.”

ಹಳೆಯ ಟೈರ್ ಎಂದರೆ ಆಕೆ ಹಿಂಜರಿದರು. ಹಿಂಜರಿಯಬೇಕಾದದ್ದೇ. ಗುಜರಿಯಲ್ಲಿ ಸಿಗುವ ಟೈರಿಗೂ ಇದಕ್ಕೂ ವ್ಯತ್ಯಾಸ ಇದೆ. ಹೊಸ ಕಾರು ತಂದು ಸ್ವಲ್ಪ ಕಾಲ ಓಡಿಸಿದ ಮೇಲೆ ದೊಡ್ಡ ಡಿಸ್ಕು, ಅಗಲ ಟೈರು ಹಾಕಿಸಿಕೊಳ್ಳುವವರು ಹಾಸನ, ಮಂಗಳೂರಿನಂಥ ಊರುಗಳಲ್ಲಿ ಬಹಳ. ಅವರು ಬಿಟ್ಟುಹೋದ ಟೈರುಗಳು ಡೀಲರುಗಳ ಹತ್ತಿರ ಇರುತ್ತವೆ. ಅಂಗಡಿಯವರು ಹಾಸನಕ್ಕೆ ಫೋನ್ ಮಾಡಿದರು. ಕೇಳಿದ ಪ್ರಶ್ನೆಗಳು ಇವು: ಅದೇ ಕಂಪನಿ ಸರಿ, ಮಾದರಿಯ ಹೆಸರೂ ಅದೇನಾ? ಬಟನ್, ಅಂದರೆ ರಬ್ಬರಿನ ಎತ್ತರ, ಎಷ್ಟಿದೆ, ಗೇಜ್ ಇಟ್ಟು ಹೇಳು, ಕಣ್ಣಂದಾಜು ಬೇಡ. ಒಳಗೆ ಪ್ಯಾಚ್ ಇದೆಯಾ? ಪಕ್ಕೆ ಉಬ್ಬಿದೆಯಾ? ಕೊನೆಯ ನಾಲ್ಕು ಅಂಕಿ ಓದು.

ಆ ನಾಲ್ಕು ಅಂಕಿ ಟೈರಿನ ಜಾತಕ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ಆಕೆಯ ಸ್ಟೆಪ್ನಿಯ ಮೇಲೆ 1417 ಎಂದಿತ್ತು: 2017ರ ಹದಿನಾಲ್ಕನೇ ವಾರ. ಕಾರಿನ ಜೊತೆಗೇ ಬಂದದ್ದು. ನೆಲವನ್ನೇ ಮುಟ್ಟದಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ. ತಯಾರಾಗಿ ಹತ್ತು ವರ್ಷ ತುಂಬಿದ ಟೈರನ್ನು, ಎಷ್ಟೇ ಹೊಸದಾಗಿ ಕಂಡರೂ, ತೆಗೆಯಿರಿ ಎಂದು ತಯಾರಕರೇ ಹೇಳುತ್ತಾರೆ.

ಕಂಪನಿ ಒಂದೇ ಇದ್ದರೆ ಸಾಲದೇ, ಮಾದರಿಯೂ ಒಂದೇ ಏಕೆ? ಪಕ್ಕೆಯ ಮೇಲೆ ಒಂದೇ ಅಳತೆ ಬರೆದಿದ್ದರೂ ಬೇರೆ ಬೇರೆ ಮಾದರಿಯ ಟೈರುಗಳ ನಿಜವಾದ ಸುತ್ತಳತೆಯಲ್ಲಿ ಕೆಲವು ಮಿಲಿಮೀಟರ್ ಹೆಚ್ಚುಕಮ್ಮಿ ಇರುತ್ತದೆ. ಗಾಳಿಯ ಒತ್ತಡವೂ ಲೆಕ್ಕವನ್ನು ಕೆಡಿಸುತ್ತದೆ. ಗಾಳಿ ಇಳಿದ ಟೈರ್ ಭಾರಕ್ಕೆ ಕುಸಿದು ಚಿಕ್ಕ ಟೈರಿನ ಹಾಗೆ ಉರುಳುತ್ತದೆ. ಸಮ ಎತ್ತರದ ನಾಲ್ಕು ಟೈರ್ ಹುಡುಕಿ ಹಾಕಿ, ಒಂದರಲ್ಲಿ ಗಾಳಿ ಕಡಿಮೆ ಬಿಟ್ಟರೆ ಪಟ್ಟ ಪಾಡು ವ್ಯರ್ಥ. ಎಷ್ಟು ಹಾಕಬೇಕೆಂಬುದು ಕಾರಿನ ಮೇಲೇ ಚೀಟಿಯಲ್ಲಿರುತ್ತದೆ, ಸಾಮಾನ್ಯವಾಗಿ ಡ್ರೈವರ್ ಬಾಗಿಲಿನ ಕಂಬದಲ್ಲಿ.

ಹಾಸನದಿಂದ ಅರ್ಧ ಗಂಟೆಯಲ್ಲಿ ಉತ್ತರ ಬಂತು. ಅದೇ ಮಾದರಿ, 4.5 ಮಿಲಿಮೀಟರ್, ಮೂರು ವರ್ಷದ್ದು, ಪಂಚರಿಲ್ಲ. ನಾಳೆ ಬೆಳಗಿನ ಬಸ್ಸಿಗೆ ಹಾಕುತ್ತಾರೆ. ಆಕೆ ತಾವೇ ಲೆಕ್ಕ ಹಾಕಿದರು: 4.1ಕ್ಕೂ 4.5ಕ್ಕೂ ಅಂತರ 0.4. ಸುತ್ತಳತೆಯಲ್ಲಿ ಎರಡೂವರೆ ಮಿಲಿಮೀಟರ್. ಅಕ್ಕನ ಸುಬಾರುವಿನ ಬಿಗಿ ನಿಯಮಕ್ಕೂ ಒಳಗೇ ಬರುತ್ತದೆ.

“ಇವತ್ತು ಮನೆಗೆ ಹೇಗೆ ಹೋಗ್ಲಿ?”

“ಸ್ಟೆಪ್ನಿ ಹಿಂದಕ್ಕೆ ಹಾಕ್ತೀನಿ, ಹಿಂದಿನದೊಂದು ಮುಂದೆ. ತಿರುಗಣೆ ಎರಡು ಗಾಲಿಗೆ ಇಡಿ. ಆಗ ಎಂಜಿನ್ ಬಲ ಹೋಗೋ ಮುಂದಿನ ಜೋಡಿ ಸಮ ಇರುತ್ತೆ, ಕಪ್ಲಿಂಗಿಗೆ ಒತ್ತಡ ಇಲ್ಲ. ಆದ್ರೆ ತೋಟದ ಏರಿನಲ್ಲಿ ಹುಷಾರು, ಎರಡೇ ಗಾಲಿ. ಆಗದಿದ್ರೆ ಕಾರು ಕೆಳಗೇ ಬಿಟ್ಟು ಹೋಗಿ.”

ಎಲ್ಲ ಕಾರಿಗೂ ಈ ಅನುಕೂಲ ಇಲ್ಲ. ಎರಡು ಗಾಲಿಗೆ ತಿರುಗಿಸುವ ಗುಂಡಿಯೇ ಇಲ್ಲದ ಕಾರುಗಳಿವೆ. ಸ್ಟೆಪ್ನಿಯೂ ಈಗ ಹಲವು ಕಾರುಗಳಲ್ಲಿ ಸಣಕಲು, ಗಂಟೆಗೆ 80 ಕಿಲೋಮೀಟರ್ ಮೀರಬೇಡಿ ಎಂದು ಅದರ ಮೇಲೇ ಬರೆದಿರುತ್ತದೆ. 2020ರಲ್ಲಿ ಕೇಂದ್ರ ಸರ್ಕಾರ ನಿಯಮ ತಿದ್ದಿದ ಮೇಲೆ, ಗಾಳಿಯ ಒತ್ತಡ ತೋರಿಸುವ ಸಾಧನ ಮತ್ತು ಟ್ಯೂಬ್‌ಲೆಸ್ ರಿಪೇರಿ ಕಿಟ್ ಇರುವ ಕಾರು ಸ್ಟೆಪ್ನಿಯೇ ಇಲ್ಲದೆ ಬರಬಹುದು. ಆ ಕಿಟ್ಟು ಮೊಳೆಯ ತೂತಿಗೆ ಆದೀತು. ಎರಡು ಬೆರಳಗಲದ ಸೀಳಿಗೆ ಅದರಿಂದ ಏನೂ ಆಗದು. ಘಾಟಿಯ ಕೆಳಗೆ ಮೇಲೆ ಓಡಾಡುವವರು ಕಾರು ಕೊಳ್ಳುವ ಮುಂಚೆ ಡಿಕ್ಕಿಯ ಅಡಿ ಎತ್ತಿ ಅಲ್ಲಿ ಏನಿದೆ ಎಂದು ನೋಡಬೇಕು. ಪೂರ್ಣ ಅಳತೆಯ ಸ್ಟೆಪ್ನಿ ಇದ್ದರೆ ಅದಕ್ಕಿಂತ ಭಾಗ್ಯವಿಲ್ಲ.

“ಮುಂದಿನ ಸಲ ಐದು ಟೈರ್ ಒಟ್ಟಿಗೆ ಹಾಕಿಸಿ,” ಅಂದರು ಅಂಗಡಿಯವರು, ಬೋಲ್ಟು ಬಿಗಿಯುತ್ತಾ. ಐದು ಬೋಲ್ಟು, ನಕ್ಷತ್ರ ಬರೆಯುವಾಗಿನ ಹಾಗೆ ಒಂದು ಬಿಟ್ಟು ಒಂದು. “ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ತಿರುಗಿಸುವಾಗ ಸ್ಟೆಪ್ನಿಯನ್ನೂ ಸಾಲಿಗೆ ಸೇರಿಸಿ. ಐದೂ ಒಟ್ಟಿಗೆ ಸವೆಯುತ್ತೆ. ಒಂದು ಸೀಳಿದ್ರೆ ಸ್ಟೆಪ್ನಿ ಹಾಕಿ ಹೋಗ್ತಾ ಇರಬಹುದು. ಅಳತೆ ಸಮ ಇರುತ್ತೆ, ನನ್ನ ಹತ್ರ ಬರೋ ಕೆಲಸವೇ ಇಲ್ಲ.”

ಮರುದಿನ ಹನ್ನೊಂದಕ್ಕೆ ಟೈರ್ ಬಸ್ಸಿನಿಂದ ಇಳಿಯಿತು. ಗೋಣಿದಾರ ಕಟ್ಟಿ, ಮೇಲೆ ಅಂಗಡಿಯ ಹೆಸರು ಬರೆದಿತ್ತು. ಆಕೆ ಅದಕ್ಕೂ ಮೊದಲೇ ಬಂದು ಕಾಯುತ್ತಿದ್ದರು. ಅಂಗಡಿಯವರು ಟಾರ್ಚ್ ಹಾಕಿ ಒಳಮೈಯನ್ನು ಇಂಚಿಂಚು ನೋಡಿದರು, ಅಂಗೈಯಿಂದ ಪಕ್ಕೆ ಸವರಿ ಉಬ್ಬು ಹುಡುಕಿದರು. ಅಳತೆಗೋಲನ್ನು ಈ ಸಲ ಆಕೆಯ ಕೈಗೆ ಕೊಟ್ಟರು. ಮೂರು ತೋಡು, ನಾಲ್ಕು ಜಾಗ. 4.5, 4.4, 4.5, 4.5.

ಆಕೆ ಕಾರಿನಿಂದ ಒಂದು ದಪ್ಪ ಪುಸ್ತಕ ತಂದರು. ತೋಟದ ಮಳೆ ಲೆಕ್ಕದ ಪುಸ್ತಕ. ಮೊದಲ ಪುಟಗಳಲ್ಲಿ ತಂದೆಯ ಅಕ್ಷರ, ಆಮೇಲಿನವು ಆಕೆಯದು. ದಿನಾ ಬೆಳಿಗ್ಗೆ ಮಳೆಮಾಪಕದ ನೀರನ್ನು ಗಾಜಿನ ಅಳತೆಗೆ ಸುರಿದು ಇಂಚು, ಸೆಂಟ್ಸ್ ಲೆಕ್ಕದಲ್ಲಿ ಬರೆದದ್ದು. ಅದರ ಕೊನೆಯ ಹಾಳೆಗೆ ತಿರುಗಿಸಿ ನಾಲ್ಕು ಗಾಲಿಗಳ ಅಂಕಿ, ಆ ದಿನದ ತಾರೀಖು, ಓಡಿದ ಕಿಲೋಮೀಟರ್ ಬರೆದುಕೊಂಡರು.

“ನಿನ್ನೆ ನಿಮ್ಮಲ್ಲಿ ಎಷ್ಟು?” ಅಂಗಡಿಯವರು ಕೇಳಿದರು.

“ಎರಡು ಇಂಚು ನಲವತ್ತು ಸೆಂಟ್ಸ್.”

“ಇಲ್ಲಿ ಎರಡೂ ದಾಟಿಲ್ಲ,” ಎನ್ನುತ್ತಾ ಅವರು ಜಾಕಿ ಇಳಿಸಿದರು. ಆಕೆ ಒಳಗೆ ಕೂತು ತಿರುಗಣೆಯನ್ನು ಮತ್ತೆ ‘ಆಟೊ’ಗೆ ತಿರುಗಿಸಿ, ವೈಪರ್ ಹಾಕಿಕೊಂಡು ಹ್ಯಾಂಡ್‌ಪೋಸ್ಟ್ ಕಡೆಗೆ ಹೊರಟರು.